ಕಾಣದೇ ಹೋದ ರ ಒತ್ತು

ಒಂದು ರ ಒತ್ತು ಕಾಣದೇ ಹೋದದ್ದಕ್ಕೆ ನಾವು ಒಬ್ಬರ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರಬೇಕಾಯಿತು.

ಮಳೆಗೆ ಗೋಡೆ ಬಿದ್ದ ಮನೆಗಳ ಪಟ್ಟಿಯನ್ನು ನಾವು ಮೂವರು ಸ್ಟ್ರಿಂಗರ್‌ಗಳು ಊರೂರು ಸುತ್ತಿ ಬರೆದುಕೊಂಡಿದ್ದೆವು. ನಿಜವಾದ ಹೆಸರು ಇಲ್ಲಿ ಬೇಡ. ಚಂದ್ರಪ್ಪ, ಚಂದಪ್ಪ ಎಂಬಂಥ ಜೋಡಿ ಅಂದುಕೊಳ್ಳಿ. ಗೋಡೆ ಬಿದ್ದದ್ದು ಮೊದಲನೆಯವರದು. ಪೇಪರಿನಲ್ಲಿ ಬಂದದ್ದು ಎರಡನೆಯವರ ಹೆಸರು. ಅದೇ ಊರಿನವರು, ಗಟ್ಟಿಮುಟ್ಟಾದ ಆರ್‌ಸಿಸಿ ಮನೆ. "ನಿಂತಿರೋ ಮನೆ ಬಿದ್ದೈತೆ ಅಂತ ಬರ್ಸಿ ದುಡ್ಡು ಹೊಡೆಯಾಕೆ ನೋಡ್ತಾನೆ" ಅಂತ ಅರಳಿಕಟ್ಟೆ ಮೇಲೆ ಮಾತು ಶುರುವಾಯಿತು. ಆ ಮನುಷ್ಯ ನಾಲ್ಕು ದಿನ ಅತ್ತ ಕಡೆ ತಲೆ ಹಾಕಲಿಲ್ಲವಂತೆ.

ಪಟ್ಟಿ ಇದ್ದದ್ದು ಟಿಡ್ಲಿವಿಕಿಯಲ್ಲಿ. ಇದು ಬ್ರಿಟನ್ನಿನ ಜೆರೆಮಿ ರಸ್ಟನ್ 2004ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ. ಇಡೀ ನೋಟ್‌ಬುಕ್ ಒಂದೇ ಎಚ್‌ಟಿಎಂಎಲ್ ಫೈಲು. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ, ಬ್ರೌಸರ್ ಸಾಕು. ಅದರೊಳಗಿನ ಒಂದೊಂದು ಟಿಪ್ಪಣಿಗೂ ಟಿಡ್ಲರ್ ಅಂತ ಹೆಸರು. ಇಂಗ್ಲಿಷ್ ಆಡುಮಾತಿನಲ್ಲಿ ಹಾಗೆಂದರೆ ಪುಟಾಣಿ ಮೀನು. ಊರಿನ ಟಿಪ್ಪಣಿಯಿಂದ ಕೆರೆಗೆ, ಕೆರೆಯಿಂದ ಹೂಳೆತ್ತಿದ ಗುತ್ತಿಗೆದಾರರಿಗೆ ಕೊಂಡಿ ಹಾಕಬಹುದು. ನೆಟ್‌ವರ್ಕ್ ಇಲ್ಲದ ಊರಲ್ಲಿ ಸುದ್ದಿ ಹುಡುಕುವ ನಮಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮಲ್ಲಿ ಹಿರಿಯರಿಗೆ ಚಾಳೀಸು ಬಂದಿದೆ. ಅವರು ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಟಿಡ್ಲಿವಿಕಿಯಲ್ಲಿ ಟಿಪ್ಪಣಿಯ ಅಕ್ಷರ 15 ಪಿಕ್ಸೆಲ್, ಸಾಲಿನ ಎತ್ತರ 22 ಪಿಕ್ಸೆಲ್ ಅಂತ ಮೊದಲೇ ಇಟ್ಟಿರುತ್ತಾರೆ. ಇವರು ಅಕ್ಷರವನ್ನು 22ಕ್ಕೆ ಏರಿಸಿದರು, ಸಾಲು ಇದ್ದಲ್ಲೇ ಉಳಿಯಿತು. ಇಂಗ್ಲಿಷ್ ಆಗಿದ್ದರೆ ಹೇಗೋ ಓದಬಹುದಿತ್ತು. ನಮ್ಮದು ಹಾಗಲ್ಲವಲ್ಲ, ಅಕ್ಷರದ ಕೆಳಗೆ ಒತ್ತು ಜೋತಾಡುತ್ತದೆ, ಕೆಳಗಿನ ಸಾಲಿನಿಂದ ಗುಡಿಸು ಮೇಲೇಳುತ್ತದೆ. ಎರಡೂ ಹೆಣೆದುಕೊಂಡು ರ ಒತ್ತು ಅಲ್ಲೇ ಕಳೆದುಹೋಯಿತು. ಅವರು ಹಳೇ ಲ್ಯಾಪ್‌ಟಾಪ್ ನೋಡಿಕೊಂಡು ಡೆಸ್ಕಿಗೆ ಫೋನಿನಲ್ಲಿ ಹೆಸರು ಓದಿ ಹೇಳಿದರು. ಕಳಿಸುವ ಮೊದಲು ಮತ್ತೊಬ್ಬರು ನೋಡಬೇಕಿತ್ತು. ನೋಡಲಿಲ್ಲ. ಅದು ಮೂವರ ತಪ್ಪು.

ಆ ವಾರವೇ ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ಒಂದು ನಕ್ಷೆ ಗೀಚಿದೆವು. ಅಕ್ಷರಕ್ಕೊಂದು, ಸಾಲಿಗೊಂದು ಜಾರುಪಟ್ಟಿ, ಬಣ್ಣಕ್ಕೆ ಹನ್ನೆರಡು ಚೌಕ. ಟಿಡ್ಲಿವಿಕಿಯ ಅನುಕೂಲ ಏನೆಂದರೆ, ಅದರ ಅಂದಚಂದದ ನಿಯಮವೂ ಒಂದು ಟಿಪ್ಪಣಿಯೇ. ಸ್ಟೈಲ್‌ಶೀಟ್ ಎಂಬ ಟ್ಯಾಗ್ ಹಾಕಿದರೆ ಅದರಲ್ಲಿ ಬರೆದದ್ದು ಇಡೀ ಪುಟಕ್ಕೆ ಅನ್ವಯಿಸುತ್ತದೆ. ಅಳತೆಯನ್ನು ಬೇರೆ ಟಿಪ್ಪಣಿಯಲ್ಲಿಟ್ಟು ಜಾರುಪಟ್ಟಿಗೆ ಜೋಡಿಸಿದರೆ, ಬೆರಳು ಸರಿದಂತೆ ಪುಟವೂ ಬದಲಾಗುತ್ತದೆ. ಎರಡು ಭಾನುವಾರದಲ್ಲಿ ಒಂದು ಮಾದರಿ ನಿಂತಿತು. ಮೂವರೂ ಬೀಗಿದೆವು.

ಬೀಗಿದ್ದು ಬಸ್‌ಸ್ಟ್ಯಾಂಡಿನ ತನಕ. ಮಧ್ಯಾಹ್ನದ ಬಿಸಿಲಲ್ಲಿ ಹಿರಿಯರ ಕೈಗೆ ಫೋನ್ ಕೊಟ್ಟೆವು. ಜಾರುಪಟ್ಟಿ ಎಳೆಯಲು ಹೋದರೆ ಪುಟವೇ ಸರಿಯಿತು. "ಲೈನ್ ಹೈಟ್ ಅಂದ್ರೇನಯ್ಯಾ, ಕರೆಂಟ್ ಕಂಬದ್ದಾ?" ಅಂದರು. ತಿಳಿ ಬೂದು ಅಕ್ಷರ ಬಿಸಿಲಿಗೆ ಕಾಣಲೇ ಇಲ್ಲ. ಹೋಟೆಲಿನವರ ಚಹಾ ಆರುವ ಹೊತ್ತಿಗೆ ನಮ್ಮ ಅರ್ಧ ಕೆಲಸ ಬಿದ್ದುಹೋಗಿತ್ತು.

ಈಗಿನ ಮಾದರಿಯಲ್ಲಿ ಜಾರುಪಟ್ಟಿ ಇಲ್ಲ. ಹೆಬ್ಬೆರಳಿಗೆ ಸಿಗುವಂಥ ದೊಡ್ಡ ಗುಂಡಿಗಳು: ದೊಡ್ಡದು, ಚಿಕ್ಕದು, ಬಿಸಿಲು, ರಾತ್ರಿ. ಸಾಲಿನ ಎತ್ತರಕ್ಕೆ ಗುಂಡಿಯೇ ಇಲ್ಲ, ಅದು ಅಕ್ಷರದ 1.8 ಪಟ್ಟು, ಅಕ್ಷರ ಬೆಳೆದರೆ ತಾನೂ ಬೆಳೆಯುತ್ತದೆ. ಬಳಸುವವರಿಗೆ ಆಯ್ಕೆ ಕಡಿಮೆ ಮಾಡಿದಿರಿ ಅಂತ ನಮ್ಮಲ್ಲೇ ಒಬ್ಬರ ತಕರಾರಿದೆ, ಇರಲಿ. ಮೇಲೆ ಪರೀಕ್ಷೆಗೊಂದು ಸಾಲು: ರಾಷ್ಟ್ರ, ಲಕ್ಷ್ಮಿ, ಚಂದ್ರ. ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದರೂ ಕಾಣಬೇಕು. 'ಮೊದಲಿನಂತೆ ಮಾಡು' ಎಂಬ ಗುಂಡಿ ಸುಲಭಕ್ಕೆ ಸಿಕ್ಕಿತು. ಟಿಡ್ಲಿವಿಕಿಯಲ್ಲಿ ಮೂಲ ಸೆಟ್ಟಿಂಗ್ ಅಡಿಯಲ್ಲಿ ಹಾಗೇ ಇರುತ್ತದೆ, ನಮ್ಮ ತಿದ್ದುಪಡಿ ಅಳಿಸಿದರೆ ಅದು ಮೇಲೆ ಬರುತ್ತದೆ.

ಬಾಕಿ ಉಳಿದ ತಲೆನೋವು ಸೇವ್ ಮಾಡುವುದು. ಫೋನಿನಲ್ಲಿ ಪ್ರತಿ ಸಲವೂ ಹೊಸ ನಕಲು ಇಳಿಯುತ್ತದೆ, ಹಿರಿಯರ ಫೋನಿನಲ್ಲಿ ಈಗ ಹದಿನೇಳು ನಕಲು. ಯಾವುದು ತಾಜಾ ಅಂತ ಹುಡುಕುವುದೇ ಒಂದು ವರದಿಗಾರಿಕೆ.

ಪೇಪರಿನಲ್ಲಿ ತಿದ್ದುಪಡಿ ಒಳಪುಟದಲ್ಲಿ ಎರಡು ಸಾಲು ಬಂತು. ಕಳೆದ ವಾರ ಮತ್ತೆ ಆ ಊರಿಗೆ ಹೋದಾಗ, ಆರ್‌ಸಿಸಿ ಮನೆಯವರ ಜಗಲಿಯಲ್ಲಿ ಕೂತು ಎರಡೂ ಹೆಸರು ಟೈಪ್ ಮಾಡಿ 'ದೊಡ್ಡದು' ಒತ್ತಿ ತೋರಿಸಿದೆವು. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಈಗ ಸರಿ ಕಾಣ್ತೈತೆ" ಅಂದರು. "ಇದನ್ನ ತಗಂಡೋಗಿ ಅರಳಿಕಟ್ಟೆ ಮ್ಯಾಲೆ ತೋರ್ಸ್ರಪ್ಪ."

ಹೋದೆವು.