ಮಾವನವರ ಯೆಜ್ಡಿ ಮೀಟರು

ನಮ್ಮ ಮೈಸೂರಿನ ಫ್ಯಾಕ್ಟರೀಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗ್ತಿತ್ತು. 1996ರಲ್ಲಿ ಮುಚ್ಚಿಹೋಯ್ತು. ಮಾವನವರು ಹೋಗಿ ಆರು ವರ್ಷ ಆದ್ರೂ ಅವರ ಯೆಜ್ಡಿ ಇನ್ನೂ ನಮ್ಮನೇಲೇ ಇದೆ. ಸ್ಪೀಡೋಮೀಟರ್ ಮುಳ್ಳು ಗಡಗಡ ನಡುಗ್ತಿತ್ತು ಅಂತ ಮಗ ಮೊನ್ನೆ ರಿಪೇರಿಗೆ ಕೊಟ್ಟ. ನಾನೂ ಜೊತೇಲಿ ಹೋಗಿದ್ದೆ.

ಬಿಚ್ಚಿ ತೋರಿಸಿದ್ರು. ಕೆಳಗಿಂದ ಬರೋ ಕೇಬಲ್ಲು ಒಳಗೊಂದು ಅಯಸ್ಕಾಂತ ತಿರುಗಿಸತ್ತೆ. ಅದರ ಮೇಲೆ ಪುಟ್ಟ ಅಲ್ಯೂಮಿನಿಯಂ ಬಟ್ಟಲು. ಒಂದಕ್ಕೊಂದು ತಾಗಲ್ಲ, ಆದ್ರೂ ಬಟ್ಟಲು ಅದರ ಹಿಂದೇನೇ ತಿರುಗೋಕೆ ನೋಡತ್ತೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನ ಹಿಡಿದಿಟ್ಕೊಳ್ಳತ್ತೆ. ಕೇಬಲ್ಲಿನ ಗ್ರೀಸು ಮೇಲೇರಿ ಜಿಡ್ಡುಗಟ್ಟಿತ್ತು, ಅದಕ್ಕೇ ನಡುಕ. ಒದ್ದೆ ಬಟ್ಟೇಲಿ ಒರೆಸಿದ್ರೆ ಡಯಲ್ಲಿನ ಅಂಕಿ ಎದ್ದುಹೋಗ್ಬಹುದು ಅಂತ ಮೆತ್ತನೆ ಬ್ರಷ್ಷಲ್ಲೇ ಧೂಳು ತೆಗೆದ್ರು.

"ಕಿಲೋಮೀಟರ್ ಸೊನ್ನೆಗೆ ತರ್ಲಾ ಅಮ್ಮಾ, ಹೊಸದರ ಥರ ಇರತ್ತೆ" ಅಂದ್ರು. ಮಗ ಹೂಂ ಅನ್ನೋದ್ರಲ್ಲಿದ್ದ. ನಾನು ಬೇಡ ಅಂದೆ. ಆ 48,316ರಲ್ಲಿ ಮಾವನವರು ಅತ್ತೇನ ಕೂರಿಸ್ಕೊಂಡು ನಂಜನಗೂಡು ತೇರಿಗೆ ಹೋದದ್ದಿದೆ, ನನ್ನ ನೋಡೋಕೆ ನಮ್ಮೂರಿಗೆ ಬಂದದ್ದೂ ಇದೆ. ಗಾಜು ಹೊಸದಾಗ್ಲಿ, ಲೆಕ್ಕ ಹಳೇದೇ ಇರ್ಲಿ.

ನಿಮ್ಮನೇಲೂ ಹಳೇ ಗಾಡಿ ಇದ್ರೆ, ಮೀಟರ್ ಕೊಡೋ ಮುಂಚೆ ಆ ಅಂಕಿ ಬರೆದಿಟ್ಕೊಳ್ಳಿ. ಮುಟ್ಬೇಡಿ ಅಂತ ಬಾಯಿಬಿಟ್ಟು ಹೇಳಿ.