ಬಳ್ಳಾರಿಯ ವ್ಯಾಪಾರಿ ಕೇಳಿದ ಹಕ್ಕು

ವ್ಯಾಪಾರ ಮಾಡುವವನಿಗೆ ಊರ ಉಸಾಬರಿ ಯಾಕೆ ಎನ್ನುವ ಮಾತು ಗದಗ-ಬೆಟಗೇರಿಯ ಪೇಟೆಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಮಕ್ಕಳಿಗೂ ನಾವು ಅದನ್ನೇ ಕಲಿಸುತ್ತೇವೆ: ಓದು, ಗಳಿಸು, ಮುನ್ಸಿಪಾಲಿಟಿಯ ಗೊಡವೆಗೆ ಹೋಗಬೇಡ. ಈ ಮಾತು ಕೇಳಿದಾಗ ನನಗೆ ಬಳ್ಳಾರಿಯ ಎ. ಸಭಾಪತಿ ಮೊದಲಿಯಾರ್ ನೆನಪಾಗುತ್ತಾರೆ. ಅವರು ವ್ಯಾಪಾರದಲ್ಲಿ ಹಣ ಗಳಿಸಿದವರು. ಬಳ್ಳಾರಿ ಪುರಸಭೆಯ ಅಧ್ಯಕ್ಷರೂ ಆಗಿದ್ದವರು.

ಅವರ ಕಾಲದ ಅಗ್ನಿಪರೀಕ್ಷೆ 1876-78ರ ಬರಗಾಲ. ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರು. ಆಗ ತುಂಗಭದ್ರೆಯ ಈಚೆ ನಮ್ಮ ಮುಂಡರಗಿ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು, ಆಚೆ ದಂಡೆಯ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಮಳೆರಾಯ ಮಾತ್ರ ಎರಡೂ ದಂಡೆಗೆ ಕೈಕೊಟ್ಟ. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಇಳಿದುಹೋಯಿತು.

ಆಹಾರದ ಪಾಠ ಮಾಡುವಾಗ ನಾನು ಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಪರಿಹಾರದ ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದಾಣೆ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಅಷ್ಟು ಅಕ್ಕಿಯಿಂದ ಸಿಗುವುದು ಹೆಚ್ಚೆಂದರೆ 1,600 ಕ್ಯಾಲೊರಿ. ದಿನವಿಡೀ ಮಣ್ಣು ಹೊರುವ ಆಳಿಗೆ ಬೇಕಾಗುವುದು 3,000ಕ್ಕೂ ಮೇಲೆ. ಉಳಿದದ್ದನ್ನು ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸಿ ತುಂಬಿಕೊಳ್ಳಬೇಕು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೊನೆಗೆ ಕೂಲಿ ಏರಿತು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಆ ಬರದಲ್ಲಿ ಮೊದಲಿಯಾರರು ಸ್ವಂತ ಖರ್ಚಿನಿಂದ ಹಸಿದವರಿಗೆ ಅನ್ನ ಹಾಕಿಸಿದರು. ಇಂಥ ದಾನಿಗಳು ನಮ್ಮ ನಾಡಿಗೆ ಹೊಸಬರಲ್ಲ. ಆದರೆ ಒಬ್ಬ ಶ್ರೀಮಂತನ ಕಣಜ ಎಷ್ಟು ದೊಡ್ಡದಿದ್ದರೂ ಅದಕ್ಕೊಂದು ತಳ ಇದ್ದೇ ಇರುತ್ತದೆ. ಸರ್ಕಾರದ ಒಂದು ಆದೇಶ ಲಕ್ಷಾಂತರ ಜನರ ತುತ್ತನ್ನು ಕಡಿಮೆ ಮಾಡಿದಾಗ ಯಾವ ದಾನಿ ತಾನೇ ಅದನ್ನು ತುಂಬಿಕೊಟ್ಟಾನು? ಆ ಆದೇಶ ಹೊರಡಿಸುವಾಗ ಬಳ್ಳಾರಿಯವರನ್ನಾಗಲಿ ಧಾರವಾಡದವರನ್ನಾಗಲಿ ಯಾರೂ ಕೇಳಿರಲಿಲ್ಲ.

1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. 72 ಪ್ರತಿನಿಧಿಗಳಲ್ಲಿ ಬಳ್ಳಾರಿಯ ಈ ಪುರಸಭಾಧ್ಯಕ್ಷರೂ ಒಬ್ಬರು. ಪ್ರಾಂತಗಳ ಆಯವ್ಯಯವನ್ನು ಶಾಸನಸಭೆಗಳ ಮುಂದಿಡಬೇಕು, ಆಡಳಿತದ ಬಗ್ಗೆ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಬೇಕು ಎಂಬುದು ಅಲ್ಲಿ ಒಪ್ಪಿದ ನಿರ್ಣಯಗಳಲ್ಲಿ ಸೇರಿತ್ತು. ಬರ ಕಂಡ ಊರಿನವರಿಗೆ ಆ ಬೇಡಿಕೆಯ ಬೆಲೆ ಗೊತ್ತಿರಲೇಬೇಕು. ಅನ್ನ ಹಾಕುವುದು ಒಂದು ಕೆಲಸ. ಅನ್ನ ಯಾಕೆ ಕಡಿಮೆಯಾಯಿತು ಎಂದು ಕೇಳುವುದು ಇನ್ನೊಂದು. ಎರಡನೆಯದಕ್ಕೆ ಪುರಸಭೆ, ಶಾಸನಸಭೆ ಬೇಕು.

ಅಂದು ಬೇಡಿ ನಿಂತ ಆ ಹಕ್ಕು ಇಂದು ನಮ್ಮ ಕೈಯಲ್ಲಿದೆ. ಗದಗ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ಪ್ರತಿ ಊರಿನ ಆಡಳಿತವೂ ವರ್ಷಕ್ಕೊಮ್ಮೆ ಬಜೆಟ್ ಮಂಡಿಸುತ್ತದೆ. ಪಾಲಕರು ಈ ಸಲ ಅದನ್ನು ಮಕ್ಕಳ ಜೊತೆ ಕುಳಿತು ಓದಲಿ. ನೀರಿಗೆಷ್ಟು, ಚರಂಡಿಗೆಷ್ಟು, ಶಾಲೆಗೆಷ್ಟು ಎಂದು ಮಕ್ಕಳೇ ಕೂಡಿ ಕಳೆಯಲಿ. ಅದೂ ಗಣಿತವೇ.