ಮಹಾನಗರದ ಮಳೆ, ಒಂದು ತಿಂಗಳ ಪಾಠ

ರಾಣಿ ಚೆನ್ನಮ್ಮನ ಹೆಸರಿನ ರೈಲು ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣಕ್ಕೆ ಬಂದು ನಿಲ್ಲುವ ಹೊತ್ತಿಗೆ ಬೆಂಗಳೂರು ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ. ಮೇ ತಿಂಗಳ ಅಂಥದೊಂದು ಬೆಳಗ್ಗೆ ರಾಣೆಬೆನ್ನೂರು ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಆ ರೈಲಿನಿಂದ ಇಳಿದಳು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕಟಕು ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟು. ಚೀಲದ ಒಳಜೇಬಿನಲ್ಲಿ ಧಾರವಾಡದಿಂದ ತಂದ ಪತ್ರವೊಂದಿತ್ತು. ಪತ್ರಿಕೋದ್ಯಮ ಓದುತ್ತಿರುವ ಈ ವಿದ್ಯಾರ್ಥಿನಿಗೆ ಒಂದು ತಿಂಗಳ ಕಾಲ ವರದಿಗಾರಿಕೆಯ ತರಬೇತಿ ನೀಡಬೇಕೆಂದು ವಿಭಾಗದ ಮುಖ್ಯಸ್ಥರು ಪತ್ರಿಕೆಯೊಂದರ ಸಂಪಾದಕರಿಗೆ ಬರೆದ ಪತ್ರ ಅದು.

ಮನೆಯಲ್ಲಿ ಒಪ್ಪಿಗೆ ಸುಲಭಕ್ಕೆ ಸಿಕ್ಕಿರಲಿಲ್ಲ. ಗೋವಿನಜೋಳ ಬೆಳೆಯುವ ಮನೆತನ. ಬಿ.ಇಡಿ. ಮಾಡಿದ್ದರೆ ಇಷ್ಟು ಹೊತ್ತಿಗೆ ಶಾಲೆಯೊಂದರಲ್ಲಿ ನೌಕರಿ ಹಿಡಿಯಬಹುದಿತ್ತು ಎಂಬುದು ಸೋದರಮಾವನ ವಾದ. ತಂದೆ ಮಾತ್ರ, ‘ಒಂದು ತಿಂಗಳು ಹೋಗಿ ಬಾ. ಆಮೇಲೆ ನೋಡೂಣು’ ಎಂದಿದ್ದರು. ‘ಆಮೇಲೆ ನೋಡೂಣು’ ಎಂಬ ಮಾತೇ ಅವಳಿಗೆ ಪರೀಕ್ಷೆಯಂತೆ ಕಂಡಿತ್ತು.

ಕೆರೆಯ ಮೇಲಿನ ಬಸ್ ನಿಲ್ದಾಣ

ರೈಲು ನಿಲ್ದಾಣದ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ಜನ ಈಗಲೂ ಮೆಜೆಸ್ಟಿಕ್ ಎಂದೇ ಕರೆಯುತ್ತಾರೆ. ಹಳೆಯ ಚಿತ್ರಮಂದಿರವೊಂದರ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿದೆ. ಸಾವಿರಾರು ಬಸ್ಸುಗಳು ಬಂದು ಹೋಗುವ ಈ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಎಂಬ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣ ಇರುವ ಜಾಗದಲ್ಲಿ ಸಂಪಂಗಿ ಕೆರೆ ಇತ್ತು. 1537ರಲ್ಲಿ ಕೆಂಪೇಗೌಡ ಕಟ್ಟಿದ ಈ ಊರಿಗೆ ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಆದ್ದರಿಂದಲೇ ಹಿಂದಿನವರು ಕೆರೆಗಳನ್ನು ಕಟ್ಟಿಕೊಂಡರು. ಇಂದು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಪಂಪುಗಳ ಮೂಲಕ ಮೇಲೆತ್ತಿ ತರಲಾಗುತ್ತಿದೆ.

ಇದೊಂದೂ ಮೊದಲ ದಿನ ಹುಡುಗಿಗೆ ತಿಳಿದಿರಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಜನ, ಜನ ಮತ್ತು ಜನ. ವಿಜಯನಗರದಲ್ಲಿ ಹೆಣ್ಣುಮಕ್ಕಳ ಪಿ.ಜಿ.ಯೊಂದರಲ್ಲಿ ನಾಲ್ವರಿಗೆ ಒಂದು ಕೋಣೆ. ತರಬೇತಿಗೆ ಸಂಬಳವಿಲ್ಲ, ಕೊನೆಯಲ್ಲಿ ಪ್ರಮಾಣಪತ್ರ ಮಾತ್ರ. ವಿಧಾನಸೌಧದ ಕಡೆಗೆ ಮೆಟ್ರೊದಲ್ಲಿ ಹೋದರೆ ಬೇಗ. ಆದರೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಆಧಾರ್ ಚೀಟಿ ಹಿಡಿದು ಅವಳು ಬಸ್ಸನ್ನೇ ನೆಚ್ಚಿಕೊಂಡಳು. ಅರ್ಧ ಗಂಟೆ ತಡವಾದರೂ ಕಿಟಕಿಯಿಂದ ಊರು ಕಾಣುತ್ತಿತ್ತು.

ಮೊದಲ ವಾರ ಕಚೇರಿಯಲ್ಲಿ ಸಿಕ್ಕಿದ್ದು ‘ನಗರದಲ್ಲಿ ಇಂದು’ ಅಂಕಣದ ಕೆಲಸ. ಎಲ್ಲಿ ಉಪನ್ಯಾಸ, ಎಲ್ಲಿ ಪುಸ್ತಕ ಬಿಡುಗಡೆ, ಎಷ್ಟು ಗಂಟೆಗೆ ಎಂದು ಒಂದೊಂದು ಸಾಲಿನಲ್ಲಿ ಬರೆಯಬೇಕು. ಆಮೇಲೆ ಎರಡು ಪುಟದ ಪತ್ರಿಕಾ ಪ್ರಕಟಣೆಯನ್ನು ಆರು ಸಾಲಿಗೆ ಇಳಿಸುವುದು. ಮುಖ್ಯ ಸಂಗತಿ ಮೊದಲು, ಉಳಿದದ್ದು ನಂತರ. ಜಾಗ ಸಾಲದಿದ್ದರೆ ಬಾಲದಿಂದ ಕತ್ತರಿಸಲು ಅನುಕೂಲ. ತರಗತಿಯಲ್ಲಿ ಬಾಯಿಪಾಠ ಮಾಡಿದ ‘ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ’ ಎಂಬ ಆರು ಪ್ರಶ್ನೆಗಳಲ್ಲಿ ಮೊದಲ ನಾಲ್ಕಕ್ಕೆ ಮೇಜಿನ ಮುಂದೆ ಕುಳಿತೇ ಉತ್ತರ ಸಿಗುತ್ತಿತ್ತು. ಉಳಿದೆರಡು ಹಾಗಲ್ಲವೆಂದು ತಿಳಿದದ್ದು ಎರಡನೆಯ ವಾರ, ಮಳೆ ಬಂದಾಗ.

‘ಇಬ್ಬರು ಸತ್ತರಂತೆ’

ಮೇ ತಿಂಗಳಲ್ಲಿ ಬೆಂಗಳೂರಿನ ಸಂಜೆಯ ಮಳೆ ಹೇಳಿ ಕೇಳಿ ಬರುವಂಥದ್ದಲ್ಲ. ಮಧ್ಯಾಹ್ನದವರೆಗೆ ಧಗೆ, ನಾಲ್ಕಕ್ಕೆ ಮೋಡ, ಐದಕ್ಕೆ ಗುಡುಗು. ಅಂದು ಒಂದು ಗಂಟೆ ಸುರಿದ ಮಳೆಗೆ ಹಳೆಯ ಬಡಾವಣೆಯೊಂದರಲ್ಲಿ ರಾಜಕಾಲುವೆಯ ಪಕ್ಕದ ಕಾಂಪೌಂಡ್ ಗೋಡೆ ಕುಸಿಯಿತು. ಅನುಭವಿ ವರದಿಗಾರರೆಲ್ಲ ಬೇರೆ ಬೇರೆ ಕಡೆ ಸಿಕ್ಕಿಹಾಕಿಕೊಂಡಿದ್ದರು. ಮುಖ್ಯ ವರದಿಗಾರರು ಹುಡುಗಿಯನ್ನೇ ಕಳುಹಿಸಿದರು.

ಮೊಣಕಾಲು ಮಟ್ಟದ ನೀರಿನಲ್ಲಿ ಜನ ಗುಂಪುಗೂಡಿದ್ದರು. ‘ಇಬ್ಬರು ಸತ್ತರಂತೆ’ ಎಂದರು ಒಬ್ಬರು. ‘ಹೌದು, ಕೂಲಿಯವರು. ಆಂಬುಲೆನ್ಸ್‌ನಲ್ಲಿ ಹೆಣ ಸಾಗಿಸಿದರು’ ಎಂದರು ಮತ್ತೊಬ್ಬರು. ಅವಳು ಅಲ್ಲಿಂದಲೇ ಕಚೇರಿಗೆ ಫೋನು ಮಾಡಿದಳು.

‘ಯಾರಮ್ಮ ಹೇಳಿದ್ದು?’

‘ಇಲ್ಲಿ ಎಲ್ಲರೂ ಹಾಗೇ ಹೇಳ್ತಿದ್ದಾರೆ, ಸರ್.’

‘ಎಲ್ಲರೂ ಅಂದರೆ ಯಾರೂ ಅಲ್ಲ. ಆಸ್ಪತ್ರೆಗೆ ಹೋಗು. ಅಲ್ಲಿಯ ಪೊಲೀಸ್ ಚೌಕಿಯಲ್ಲಿ ಕೇಳು, ಕರ್ತವ್ಯದ ಮೇಲಿರುವ ವೈದ್ಯರನ್ನು ಕೇಳು. ಪುಟ ಕಾಯುತ್ತೆ.’

ಅಪಘಾತದಲ್ಲಿ ಗಾಯಗೊಂಡು ಬಂದವರ ವಿವರ ಆಸ್ಪತ್ರೆಯಲ್ಲೂ ಪೊಲೀಸರಲ್ಲೂ ದಾಖಲಾಗುತ್ತದೆ. ಹುಡುಗಿ ಒದ್ದೆ ಬಟ್ಟೆಯಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿದಾಗ ತಿಳಿದದ್ದು ಬೇರೆಯೇ. ಇಬ್ಬರೂ ಬದುಕಿದ್ದರು. ಒಬ್ಬನ ಕಾಲು ಮುರಿದಿತ್ತು, ಇನ್ನೊಬ್ಬನ ತಲೆಗೆ ಹೊಲಿಗೆ ಬಿದ್ದಿತ್ತು. ಇಬ್ಬರೂ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ತಲೆಗೆ ಪಟ್ಟಿ ಕಟ್ಟಿಸಿಕೊಂಡವನ ಹೆಂಡತಿ ಹೊರಗೆ ನೆಲದ ಮೇಲೆ ಕುಳಿತಿದ್ದಳು. ‘ಪೇಪರಿನ್ಯಾಗ ಹಾಕಬ್ಯಾಡ್ರಿ. ಊರಾಗ ನಮ್ಮತ್ತಿ ಗಾಬರಿ ಆಗ್ತಾಳ’ ಎಂದಳು.

ಸತ್ತರೆಂದು ಬರೆದಿದ್ದರೆ ಯಾದಗಿರಿಯ ಆ ಮನೆಯಲ್ಲಿ ಮರುದಿನ ಏನಾಗುತ್ತಿತ್ತು? ಹುಡುಗಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸುದ್ದಿ ಐದು ಸಾಲಿನಲ್ಲಿ ಪ್ರಕಟವಾಯಿತು. ಕಾರ್ಮಿಕರ ಹೆಸರನ್ನೂ ಹಾಕಿರಲಿಲ್ಲ, ಬರೆದವಳ ಹೆಸರೂ ಇರಲಿಲ್ಲ.

ಅಪ್ಪ ಕೊಟ್ಟ ಸುಳಿವು

‘ನಿನ್ನ ಹೆಸರು ಯಾವಾಗ ಬರತೈತವ್ವಾ?’ ಎಂದು ಫೋನಿನಲ್ಲಿ ತಂದೆ ಕೇಳಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನಂತರ ಅವರು ಕೇಳಿದರು: ‘ಅಲ್ಲವ್ವಾ, ಅಲ್ಲಿ ಕೆರಿ ಕ್ವಾಡಿ ಎಲ್ಲೈತಿ? ಕ್ವಾಡಿ ನೀರಿಗೆ ಹಾದಿ ಬಿಡದಿದ್ರ ಅದು ಗ್ವಾಡಿ ಕೆಡವೂದ ಸೈ.’

ಪುಸ್ತಕದಲ್ಲಿಲ್ಲದ ಪ್ರಶ್ನೆ ಇದು. ಹಳ್ಳಿಯಲ್ಲಿ ಹುಟ್ಟಿದವರಿಗೆ ಕೆರೆ ಎಂದರೆ ಕೋಡಿ, ತೂಬು, ಕಾಲುವೆ ಎಲ್ಲ ಸೇರಿದ ಒಂದು ವ್ಯವಸ್ಥೆ. ಬೆಂಗಳೂರಿನದೂ ಅದೇ ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಈ ಊರಿದೆ. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ವೃಷಭಾವತಿ, ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ. ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ. ಉಳಿದೆರಡರದು ದಕ್ಷಿಣ ಪಿನಾಕಿನಿಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಎರಡರ ನಡುವಿನ ದಾರಿಯೇ ರಾಜಕಾಲುವೆ. ದಾರಿಯನ್ನು ಇಕ್ಕಟ್ಟು ಮಾಡಿದರೆ ಅಷ್ಟೇ ನೀರು ಎತ್ತರಕ್ಕೇರಿ ಬದಿಗೆ ನುಗ್ಗುತ್ತದೆ. ಜೊತೆಗೆ ನೆಲವೆಲ್ಲ ಕಾಂಕ್ರೀಟ್ ಆದರೆ ನೀರು ಇಂಗುವುದೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪೂರ್ವ ಬೆಂಗಳೂರಿನ ಬಡಾವಣೆಗಳು ಮುಳುಗಿ ಜನ ಟ್ರ್ಯಾಕ್ಟರ್ ಏರಿ ಹೊರಬಂದರು. 2024ರ ಬೇಸಿಗೆಯಲ್ಲಿ ಅದೇ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗಾಗಿ ಕಾಯಬೇಕಾಯಿತು.

ಹುಡುಗಿ ಆ ಬಡಾವಣೆಯ ಹಳೆಯ ಗ್ರಾಮನಕ್ಷೆಯನ್ನು ಹುಡುಕಿ ತೆಗೆದಳು. ಅಗಲವಾದ ಕಾಲುವೆಯ ಗುರುತು ಅದರಲ್ಲಿ ಸ್ಪಷ್ಟವಾಗಿತ್ತು. ಮರುದಿನ ಅಳತೆಪಟ್ಟಿ ಹಿಡಿದು ಸ್ಥಳಕ್ಕೆ ಹೋದಳು. ನಕ್ಷೆಯಲ್ಲಿದ್ದುದರ ಅರ್ಧದಷ್ಟೂ ಅಗಲ ಉಳಿದಿರಲಿಲ್ಲ. ಮೂವತ್ತು ವರ್ಷ ಅಲ್ಲೇ ಇಸ್ತ್ರಿ ಅಂಗಡಿ ನಡೆಸಿದ ಹಿರಿಯರನ್ನು ಮಾತನಾಡಿಸಿದಳು. ವಾರ್ಡಿನ ಎಂಜಿನಿಯರ್ ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಾಗ ಅವರ ಉತ್ತರವನ್ನೂ ಬರೆದುಕೊಂಡಳು. ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಲು ಒಂಬತ್ತು ದಿನ ಬೇಕಾಯಿತು. ಮುಖ್ಯ ವರದಿಗಾರರು ಅದನ್ನು ಎರಡು ಬಾರಿ ತಿದ್ದಿಸಿದರು. ತರಬೇತಿಯ ಕೊನೆಯ ವಾರ ಒಳಪುಟದಲ್ಲಿ ಆರು ಪ್ಯಾರಾದ ವರದಿ ಬಂತು. ಈ ಸಲ ಹೆಸರಿತ್ತು.

ಪಾಲಕರು ಮಕ್ಕಳನ್ನು ಮಹಾನಗರಕ್ಕೆ ಕಳುಹಿಸುವಾಗ ವಸತಿ, ಊಟ, ಸುರಕ್ಷತೆಯ ಬಗ್ಗೆ ವಿಚಾರಿಸಲೇಬೇಕು. ಸಂಬಳವಿಲ್ಲದ ತರಬೇತಿಗೆ ಎಷ್ಟು ಖರ್ಚಾದೀತೆಂದು ಮೊದಲೇ ಲೆಕ್ಕ ಹಾಕಬೇಕು. ವಿದ್ಯಾರ್ಥಿಗಳಾದರೋ ಊರನ್ನು ಮರೆತು ಹೋಗಬೇಕಿಲ್ಲ. ಹೊಲಗದ್ದೆ, ಕೆರೆಕಟ್ಟೆ ನೋಡಿ ಬೆಳೆದ ಕಣ್ಣಿಗೆ ಮಹಾನಗರವೂ ಕೆಲವು ಗುಟ್ಟುಗಳನ್ನು ಬಿಟ್ಟುಕೊಡುತ್ತದೆ.

ತಿಂಗಳು ಮುಗಿದು ಹುಡುಗಿ ರಾಣೆಬೆನ್ನೂರಿನಲ್ಲಿ ಇಳಿದಾಗ ತಂದೆ ನಿಲ್ದಾಣಕ್ಕೆ ಬಂದಿದ್ದರು. ವರದಿ ಬಂದ ಪುಟವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಅದರ ಮಾತೆತ್ತದೆ ಚೀಲ ಇಸಿದುಕೊಂಡು ಕೇಳಿದರು:

‘ಯಾದಗಿರಿಯ ಆ ಹುಡುಗ್ರು ಮನಿಗೆ ಹೋದ್ರೇನವ್ವಾ?’

‘ಒಬ್ಬಾಂವ ಹೋದ, ಅಪ್ಪಾ. ಕಾಲು ಮುರಿದಾಂವ ಇನ್ನೂ ದವಾಖಾನ್ಯಾಗ ಅದಾನ.’

‘ವಿಚಾರಿಸ್ತಾ ಇರು’ ಎಂದರು ತಂದೆ. ಬಿ.ಇಡಿ. ಮಾತು ಆ ದಿನ ಬರಲಿಲ್ಲ.